ಓಪನಿಂಗ್ ಬ್ಯಾಲೆನ್ಸ್: ಅಪ್ಪನ ಖಿನ್ನತೆ, ಅಪ್ಪನ ಬಾಲ್ಯ

ಪೋಸ್ಟ್ 1/8
(ಫೋಟೊ: ನಮ್ಮನೆ ಅಡುಗೆಕಟ್ಟೆ ಮೇಲೆ ಬೋರಲು ಹಾಕಿರೋ ಒಂದು ಸ್ಟೀಲ್ ಲೋಟ)

ಇಷ್ಟು ದಿನ ಈ ಪೇಜ್‌ನಲ್ಲಿ ನೀವು ನೋಡಿರೋದು ಕಪಿಲಾ ನದಿ ಸಂಜೆ, ದೊಡ್ಡ ಜಾತ್ರೆ ತೇರು, ಇಂಟರ್ನಲ್ಸ್ ಹಿಂದಿನ ರಾತ್ರಿಯ ನಮ್ಮ ಗೋಳು. ಈ ವಾರ ಬೇರೆ. ಎಂಟು ಪೋಸ್ಟ್ ಹಾಕ್ತೀನಿ, ಎಂಟೂ ಒಂದೇ ವಿಷಯದ ಮೇಲೆ: ನಮ್ಮಪ್ಪನ ಡಿಪ್ರೆಶನ್. ಕನ್ನಡದಲ್ಲಿ ಖಿನ್ನತೆ. ಮೂರು ಸಲ ಚಿಕಿತ್ಸೆ ಶುರು ಮಾಡಿದ್ವಿ. ಎರಡು ಸಲ ಅರ್ಧಕ್ಕೇ ನಿಂತ್ಹೋಯ್ತು. ಯಾಕೆ ನಿಂತಿತು, ಮೂರನೇ ಸಲ ಏನು ಬೇರೆ ಆಯ್ತು ಅನ್ನೋದನ್ನ ಹೇಳ್ಬೇಕು.

ಅಪ್ಪನ್ನ ಕೇಳಿಯೇ ಬರೀತಿದೀನಿ. ಎಂಟೂ ಪೋಸ್ಟ್‌ನ ಅವರಿಗೆ ಓದಿ ಹೇಳಿದೀನಿ. "ಯಾರ್ಗಾದ್ರೂ ಉಪಯೋಗ ಆಯ್ತದೆ ಅಂದ್ರೆ ಹಾಕು" ಅಂದ್ರು. ಒಂದು ವಿಷಯ ಮಾತ್ರ ಬೇಡ ಅಂದ್ರು, ಅದನ್ನ ತೆಗೆದಿದೀನಿ.

ಈಗ ಈ ಲೋಟ. ನಮ್ಮಪ್ಪ ಕಾಫಿ ಕುಡಿದ ಲೋಟನ ಒಂದು ದಿನಾನೂ ಕೆಳಗಿಟ್ಟು ಹೋದವರಲ್ಲ. ಕುಡಿದ ತಕ್ಷಣ ಎದ್ದು ತೊಳೆದು ಬೋರಲು ಹಾಕ್ತಾರೆ. ನೆಂಟರ ಮನೆಗೆ ಹೋದ್ರೂ ಅಷ್ಟೇ. ಮದುವೆಮನೇಲೂ ಅಷ್ಟೇ. ಮನೇಲಿ ಪಾತ್ರೆ ಕೈಜಾರಿ ಠಣ್ ಅಂತ ಬಿದ್ರೆ ಅಪ್ಪ ಕೂತಲ್ಲೇ ಬೆಚ್ಚಿಬೀಳ್ತಾರೆ. ನಾವು ನಗ್ತಿದ್ವಿ. "ನಿಮ್ಮಪ್ಪಂಗೆ ಶುದ್ಧ ಜಾಸ್ತಿ" ಅಂತ ಅಮ್ಮನೂ ನಗೋರು.

ಆ ಲೋಟಕ್ಕೂ ಡಿಪ್ರೆಶನ್ ಮಾತ್ರೆಗೂ ಸಂಬಂಧ ಇದೆ ಅಂತ ನಮಗೆ ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು.

ಪೋಸ್ಟ್ 2/8
(ಫೋಟೊ: ಬೆಳಗಿನ ಶಿಫ್ಟ್‌ಗೆ ಜನ ಕಾಯೋ ಬಸ್ ಸ್ಟಾಪ್, ಮಂಜು)

ಅಪ್ಪನಿಗೆ ಈಗ 47. ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರೀಲಿ ಕೆಲಸ. ಒಂದು ರಜೆ ಹಾಕಿದವರಲ್ಲ. 2023ರ ಜನವರಿ, ನಾನು ಸೆಕೆಂಡ್ ಪಿಯುಸಿ. ಅವಾಗಿಂದ ಶುರುವಾಯ್ತು. ಮೊದಲು ತಲೆನೋವು, ಸೊಂಟನೋವು. ಆಮೇಲೆ ಬೆಳಗಿನ ಜಾವ ಮೂರಕ್ಕೆ ಎಚ್ಚರ. ಆಮೇಲೆ ಊಟ ಬೇಡ, ಮಾತು ಬೇಡ, ಶೇವಿಂಗ್ ಬೇಡ. ಒಂದು ದಿನ ಯೂನಿಫಾರ್ಮ್ ಹಾಕ್ಕೊಂಡು ಬಸ್ ಸ್ಟಾಪ್‌ವರೆಗೂ ಹೋಗಿ ವಾಪಸ್ ಬಂದ್ರು. ಬೂಟು ಬಿಚ್ಚದೆ ಮಂಚದ ಮೇಲೆ ಮಲಗಿದ್ರು, ಗೋಡೆ ಕಡೆ ತಿರುಗಿ.

"ಏನಾಯ್ತಪ್ಪ?"
"ಏನೂ ಇಲ್ಲ ಕಣ್ಲಾ. ಒಸಿ ಸುಸ್ತು."

ಈ "ಒಸಿ ಸುಸ್ತು" ಆರು ವಾರ ನಡೀತು. ಅಜ್ಜಿ, ಅಂದ್ರೆ ಅಮ್ಮನ ಅಮ್ಮ, "ಯಾರೋ ಮಾಡ್ಸವ್ರೆ" ಅಂತ ತಾಯತ ಕಟ್ಟಿಸಿಕೊಂಡು ಬಂದ್ರು. ಪಕ್ಕದ ಮನೆಯವರು "ಕುಡಿಯಲ್ಲ, ಸೇದಲ್ಲ, ಸಾಲ ಇಲ್ಲ, ಇವರಿಗೇನು ಚಿಂತೆ?" ಅಂದ್ರು. ನಾನೇನು ಅಂದೆ ಗೊತ್ತಾ? ಅಡುಗೆಮನೇಲಿ ಅಮ್ಮನ ಹತ್ರ, ಜೋರಾಗಿ: "ಅಪ್ಪಂದು ಬರೀ ನಾಟಕ. ಎಕ್ಸಾಮ್ ಇರೋದು ನಂಗೆ, ರೆಸ್ಟ್ ತಗೊಳ್ತಿರೋದು ಅವರು."

ನಮ್ಮನೆ ಗೋಡೆ ಎಷ್ಟು ದಪ್ಪ ಅಂತ ನಂಗೆ ಗೊತ್ತಿತ್ತು. ಕೇಳಿಸುತ್ತೆ ಅಂತಾನೂ ಗೊತ್ತಿತ್ತು. ಅಪ್ಪ ಆಚೆ ಬಂದು ನೀರು ಕುಡಿದ್ರು, ಲೋಟ ತೊಳೆದ್ರು, ಒಳಗೆ ಹೋದ್ರು. ಒಂದು ಮಾತಾಡಲಿಲ್ಲ. ಈ ಸರಣಿ ಬರೆಯೋಕೆ ಅದೂ ಒಂದು ಕಾರಣ.

ನಿಮಗೆ ಒಂದು ಲೆಕ್ಕ. ನಿಮ್ಹಾನ್ಸ್ 2015–16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದಾದ್ರೂ ಹಂತದಲ್ಲಿ ಖಿನ್ನತೆ ಬಂದಿರುತ್ತೆ. ಖಿನ್ನತೆ ಇರೋ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ಸಿಗಲ್ಲ. ನಮ್ಮ ಕ್ಲಾಸಲ್ಲಿ 60 ಜನ ಇದೀವಿ. ಪ್ರತಿಯೊಬ್ಬರ ಮನೇಲೂ ನಾಲ್ಕು ಜನ ಅಂದ್ಕೊಳ್ಳಿ. ಲೆಕ್ಕ ನೀವೇ ಹಾಕಿ.

ಪೋಸ್ಟ್ 3/8
(ಫೋಟೊ: ಖಾಲಿ ಮಾತ್ರೆ ಸ್ಟ್ರಿಪ್, ಹೆಸರು ಕಾಣದ ಹಾಗೆ)

ಮೊದಲನೇ ಸಲ. ಊರಲ್ಲಿ ಗ್ಯಾಸ್ಟ್ರಿಕ್ ಮಾತ್ರೆ, ವಿಟಮಿನ್ ಇಂಜೆಕ್ಷನ್ ಎಲ್ಲಾ ಆದ್ಮೇಲೆ ಯಾರೋ ಹೇಳಿದ್ರು ಅಂತ ಮೈಸೂರಿನ ಒಂದು ಆಸ್ಪತ್ರೆಗೆ ಹೋದ್ವಿ. ಹೊರಗೆ ಉದ್ದದ ಕ್ಯೂ. ಒಳಗೆ ಐದು ನಿಮಿಷ. ಡಾಕ್ಟರ್ ಕೇಳಿದ್ರು, "ನಿದ್ದೆ?" ಅಪ್ಪ ಎದ್ದು ನಿಂತು ಕೈಕಟ್ಕೊಂಡು ಹೇಳಿದ್ರು, "ಪರ್ವಾಗಿಲ್ಲ ಸಾರ್." "ಊಟ?" "ಪರ್ವಾಗಿಲ್ಲ ಸಾರ್." ಎದುರಿಗೇ ಕುರ್ಚಿ ಇತ್ತು. ಕೂರಲೇ ಇಲ್ಲ. ಅಮ್ಮನೇ ಎಲ್ಲಾ ಹೇಳ್ಬೇಕಾಯ್ತು.

ಮಾತ್ರೆ ಕೊಟ್ರು. ಒಂದು ತಿಂಗಳಿಗೆ ನಿದ್ದೆ ಬಂತು, ಊಟ ಸ್ವಲ್ಪ ಸೇರ್ತು, ಕೆಲಸಕ್ಕೂ ಹೋದ್ರು. ಆದ್ರೆ ಮುಖದಲ್ಲಿ ಬೆಳಕು ಬರಲಿಲ್ಲ. ಎರಡನೇ ತಿಂಗಳಿಗೆ ಅಪ್ಪ ತಾವಾಗೇ ಮಾತ್ರೆ ನಿಲ್ಲಿಸಿದ್ರು. "ನನ್ನಂಥವ್ನಿಗೆ ಯಾಕೆ ಅಷ್ಟು ದುಡ್ಡು ಸುರೀತೀರಿ" ಅಂದ್ರು. "ನನ್ನಂಥವ್ನು" ಅನ್ನೋ ಪದಾನ ನಾವು ಯಾರೂ ಗಮನಿಸಲಿಲ್ಲ.

ಎರಡನೇ ಸಲ 2024ರಲ್ಲಿ. ಈ ಸಲ ಜಾಸ್ತಿ ಜೋರಾಗಿ ಬಂತು. ಬೇರೆ ಡಾಕ್ಟರ್, ಬೇರೆ ಮಾತ್ರೆ. ಅದೂ ಸ್ವಲ್ಪ ಕೆಲಸ ಮಾಡ್ತು. ಫ್ಯಾಕ್ಟರೀಲಿ ಯಾರೋ ಸ್ಟ್ರಿಪ್ ನೋಡಿ "ಇದು ತಲೆ ಕೆಟ್ಟೋರ್ಗೆ ಕೊಡೋದಲ್ವಾ" ಅಂತ ನಕ್ಕರಂತೆ. ಅವತ್ತಿಗೆ ಮುಗೀತು.

ಆ ವರ್ಷ ಮಳೆಗಾಲ ಕಳೆದ ಮೇಲೆ ಒಂದು ರಾತ್ರಿ ಅಪ್ಪ ಮನೇಲಿರಲಿಲ್ಲ. ನಾನೂ ಚಿಕ್ಕಪ್ಪನ ಮಗನೂ ಹುಡುಕಿದ್ವಿ. ಹದಿನಾರು ಕಾಲು ಮಂಟಪದ ಕಡೆ ನದಿ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ರು. ನಾನು ಪಕ್ಕ ಕೂತೆ. ಯಾಕೆ ಬಂದ್ರಿ ಅಂತ ಕೇಳಲಿಲ್ಲ, ಕೇಳಿದ್ರೆ ಏನು ಉತ್ತರ ಬರುತ್ತೋ ಅಂತ ಭಯ. ಆಮೇಲೆ ತಿಳಿದದ್ದು: ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗಿ ಕೇಳಿದ್ರೆ ಆ ಯೋಚನೆ ಹುಟ್ಟಲ್ಲ. ಕೇಳಿದ್ರೆ ಆ ಮನುಷ್ಯನಿಗೆ ಹೇಳಿಕೊಳ್ಳೋಕೆ ಒಂದು ದಾರಿ ಸಿಗುತ್ತೆ. ನೀವು ಕೇಳಿ. ನಾನು ಮಾಡಿದ ಹಾಗೆ ಸುಮ್ನಿರಬೇಡಿ.

ಪೋಸ್ಟ್ 4/8
(ಫೋಟೊ: ಅಪ್ಪನ ಎಡಗೈ, ಮಣಿಕಟ್ಟಿನ ಮೇಲೆ ಹಳೇ ಕಲೆ)

ಮೂರನೇ ಸಲ. ಡಾಕ್ಟರ್ ಮಾತ್ರೆ ಬರೆದುಕೊಟ್ಟು, ಜೊತೆಗೆ ಅಲ್ಲೇ ಇದ್ದ ಸೈಕಾಲಜಿಸ್ಟ್ ಮೇಡಂ ಹತ್ರ ಕಳಿಸಿದ್ರು. ಮೊದಲ ಮೂರು ಸಲ ಅವರು ಏನನ್ನೂ ಕೆದಕಲಿಲ್ಲವಂತೆ. "ಎಲ್ಲಿ ಕೂರೋಕೆ ಇಷ್ಟಾನೋ ಅಲ್ಲಿ ಕೂತ್ಕೊಳ್ಳಿ, ಬಾಗಿಲು ಹಾಕ್ಲಾ ತೆಗೆದಿರ್ಲಾ" ಅಂತ ಕೇಳಿದ್ರಂತೆ. ಅಪ್ಪ ಬಾಗಿಲ ಪಕ್ಕದ ಕುರ್ಚಿ ಹಿಡಿದ್ರು. ಊರು, ಬೆಳೆ, ಕ್ರಿಕೆಟ್ ಮಾತಾಡಿದ್ರು. ನಾಲ್ಕನೇ ಸಲ ಮೇಡಂ ಕೇಳಿದ್ರು: "ನೀವು ಚಿಕ್ಕೋರಿದ್ದಾಗ ನಿಮ್ಮನ್ನ ಯಾರು ನೋಡ್ಕೋತಿದ್ರು?"

ಅಪ್ಪ ಅಂದ್ರಂತೆ, "ಯಾರೂ ಇಲ್ಲ ಮೇಡಂ." ಆಮೇಲೆ ತುಂಬಾ ಹೊತ್ತು ಮಾತಿಲ್ಲ.

ಅಪ್ಪನ ಊರು ತಿ. ನರಸೀಪುರದ ಕಡೆ ಒಂದು ಹಳ್ಳಿ. ಅವರಪ್ಪ ಕುಡೀತಿದ್ರು, ಹೊಡೀತಿದ್ರು. ಏಳು ವರ್ಷಕ್ಕೆ ತಾಯಿ ತೀರಿಹೋದ್ರು. ಒಂಬತ್ತು ವರ್ಷಕ್ಕೆ ಗೊತ್ತಿದ್ದವರೊಬ್ಬರು ಮೈಸೂರಿನ ಒಂದು ಹೋಟೆಲ್‌ಗೆ ಸೇರಿಸಿದ್ರು. ಕೆಲಸ: ಲೋಟ ತೊಳೆಯೋದು. ಮೂಟೆ ಪಕ್ಕ ಮಲಗೋದು. ಲೋಟ ಬಿದ್ರೆ ಏಟು. ಒಂದು ಸಲ ಒಂದು ಟ್ರೇ ಪೂರ್ತಿ ಕೈಜಾರಿತು. ಒಲೆ ಮೇಲಿದ್ದ ಸೌಟು ತಗೊಂಡು ಮಣಿಕಟ್ಟಿನ ಮೇಲೆ ಇಟ್ರು. ನಮಗೆಲ್ಲ ಅಪ್ಪ ಹೇಳಿದ್ದು, "ಚಿಕ್ಕೋನಿದ್ದಾಗ ಒಲೆ ತಾಗ್ತು" ಅಂತ. ನಾಲ್ಕು ವರ್ಷ ಅಲ್ಲಿದ್ದು, 13ಕ್ಕೆ ಓಡಿಬಂದು ಸೋದರಮಾವನ ಮನೆ ಸೇರ್ಕೊಂಡ್ರು.

ಇದು 1987ರ ಸುಮಾರಿನ ಮಾತು. ಹಿಂದಿನ ವರ್ಷ ತಾನೇ ಕೇಂದ್ರದ ಬಾಲಕಾರ್ಮಿಕ ಕಾಯ್ದೆ ಬಂದಿತ್ತು, 1986ರಲ್ಲಿ. ಆದ್ರೆ ಆ ಕಾಯ್ದೆಯ ನಿಷೇಧದ ಪಟ್ಟಿಗೆ ಹೋಟೆಲ್ ಕೆಲಸ, ಮನೆಗೆಲಸ ಸೇರಿದ್ದು ಯಾವಾಗ ಗೊತ್ತಾ? 2006ರ ಅಕ್ಟೋಬರ್ 10ಕ್ಕೆ. ಅಷ್ಟೊತ್ತಿಗೆ ಅಪ್ಪನಿಗೆ 28 ವರ್ಷ, ನಾನು ಹುಟ್ಟಿ ಆಗಿತ್ತು.

ಇಷ್ಟನ್ನ ಅಪ್ಪ ಅಮ್ಮನಿಗೂ ಹೇಳಿರಲಿಲ್ಲ. ನಮ್ಮೂರ ದೇವರೇ ನಂಜುಂಡ, ವಿಷ ಗಂಟಲಲ್ಲಿ ಇಟ್ಕೊಂಡವನು. "ನುಂಗ್ಕೊಂಡು ಇರ್ಬೇಕು" ಅಂತ ನಮ್ಮ ಕಡೆ ಹಿರಿಯರು ಬಾಯಿತುಂಬಾ ಹೇಳ್ತಾರೆ. ಅದು ದೇವರ ಕೈಲಿ ಆಗೋ ಕೆಲಸ. ಒಂಬತ್ತು ವರ್ಷದ ಹುಡುಗನ ಕೈಲಿ ಅಲ್ಲ.

ಪೋಸ್ಟ್ 5/8
(ಫೋಟೊ: ಲೈಬ್ರರೀಲಿ ನನ್ನ ನೋಟ್‌ಬುಕ್, ಅಂಕಿಗಳ ಪುಟ)

ಇದಾದ ಮೇಲೆ ನಾನು ಓದೋಕೆ ಶುರು ಮಾಡಿದೆ. ನಾನು ಬಿಕಾಂ ಹುಡುಗ, ಡಾಕ್ಟರ್ ಅಲ್ಲ. ಅರ್ಥ ಆದಷ್ಟು ಹೇಳ್ತೀನಿ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಅನ್ನೋ ಇಬ್ಬರು ವೈದ್ಯರು ದೊಡ್ಡವರನ್ನ ಅವರ ಬಾಲ್ಯದ ಬಗ್ಗೆ ಕೇಳಿದ್ರು: ಹೊಡೆತ ಇತ್ತಾ, ಲೈಂಗಿಕ ದೌರ್ಜನ್ಯ ಆಗಿತ್ತಾ, ಮನೇಲಿ ಕುಡುಕರಿದ್ರಾ, ತಾಯಿಗೆ ಹೊಡೀತಿದ್ರಾ, ಇಂಥವು. ಒಟ್ಟು 17,000ಕ್ಕೂ ಹೆಚ್ಚು ಜನ. ಮೊದಲ ವರದಿ 1998ರಲ್ಲಿ ಬಂತು. ಇಂಥ ನೋವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯವನ್ನ ಅನುಭವಿಸಿದವರಿಗೆ, ಒಂದೂ ಇಲ್ಲದವರಿಗಿಂತ, ಖಿನ್ನತೆಯ ಸಾಧ್ಯತೆ ನಾಲ್ಕು ಪಟ್ಟಿಗೂ ಜಾಸ್ತಿ ಇತ್ತು. ಇವರಲ್ಲಿ ಹೆಚ್ಚಿನವರು ಓದಿದವರು, ಇನ್ಶೂರೆನ್ಸ್ ಇದ್ದವರು. ಅಂದ್ರೆ ಇದು ಬಡವರ ಮನೆ ಕಥೆ ಮಾತ್ರ ಅಲ್ಲ.

ಇನ್ನು ಚಿಕಿತ್ಸೆ. 2003ರಲ್ಲಿ ಬಹಳ ಕಾಲದಿಂದ ಖಿನ್ನತೆ ಇದ್ದ 681 ಜನರ ಮೇಲಿನ ಒಂದು ಅಧ್ಯಯನ ಬಂತು. ಚಿಕ್ಕವಯಸ್ಸಲ್ಲಿ ಹೆತ್ತವರನ್ನ ಕಳ್ಕೊಂಡವರು, ಹೊಡೆತ ತಿಂದವರು, ದಿಕ್ಕಿಲ್ಲದೆ ಬೆಳೆದವರು, ಇವರಿಗೆ ಬರೀ ಮಾತ್ರೆಗಿಂತ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಿತ್ತು. 2012ರಲ್ಲಿ ಲಂಡನ್‌ನ ಕಿಂಗ್ಸ್ ಕಾಲೇಜಿನ ಸಂಶೋಧಕರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ರು. ಬಾಲ್ಯದಲ್ಲಿ ದೌರ್ಜನ್ಯ ಕಂಡವರಿಗೆ ಖಿನ್ನತೆ ಮತ್ತೆ ಮತ್ತೆ ಬರೋ, ಬಿಡದೆ ಉಳಿಯೋ ಸಾಧ್ಯತೆ ಸುಮಾರು ಎರಡು ಪಟ್ಟು.

ಯಾಕೆ? ಒಂದು, ದೇಹ. ಭಯ ಆದಾಗ ಮೈ ಒಳಗೆ ಒಂದು ಸೈರನ್ ಕೂಗುತ್ತೆ, ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಏರುತ್ತೆ. ಅಪಾಯ ಹೋದ್ಮೇಲೆ ನಿಲ್ಲಬೇಕು. ದಿನಾ ಭಯದಲ್ಲೇ ಬೆಳೆದ ಮಗುವಿನಲ್ಲಿ ಆ ಸೈರನ್ ಹದ ತಪ್ಪುತ್ತೆ. 47ರಲ್ಲೂ ಲೋಟ ಬಿದ್ರೆ ಕೂಗುತ್ತೆ. ಎರಡು, ನಂಬಿಕೆ. ಯಜಮಾನ ಅನ್ನೋನು ಹೊಡೆಯೋನು ಅಂತ ಕಲಿತ ಮಗು ದೊಡ್ಡೋನಾಗಿ ಡಾಕ್ಟರ್ ಮುಂದೆ ಕೈಕಟ್ಕೊಂಡು "ಪರ್ವಾಗಿಲ್ಲ ಸಾರ್" ಅನ್ನುತ್ತೆ. ನಿಜ ಹೇಳದೇ ಇದ್ರೆ ಚಿಕಿತ್ಸೆ ಹೇಗೆ ಸರಿಹೋಗುತ್ತೆ? ಮೂರು, ಅವಮಾನ. ತಪ್ಪು ನಂದೇ ಇರ್ಬೇಕು ಅಂತ ಮಗು ಅಂದ್ಕೊಳ್ಳುತ್ತೆ. "ನನ್ನಂಥವ್ನಿಗೆ ಯಾಕೆ ದುಡ್ಡು ಸುರೀತೀರಿ" ಅನ್ನೋ ಮಾತು ಅಲ್ಲಿಂದ ಬಂದದ್ದು.

ಪೋಸ್ಟ್ 6/8
(ಫೋಟೊ: ಲೆಡ್ಜರ್ ಪುಟ, ನನ್ನ ಕೈಬರಹ)

ಮೇಲಿನದನ್ನ ಓದಿ ನಂಗೆ ನಿಜವಾಗ್ಲೂ ಭಯ ಆಯ್ತು. ಹಾಗಾದ್ರೆ ಅಪ್ಪ ವಾಸಿ ಆಗಲ್ವಾ? ಬಾಲ್ಯನ ಬದಲಾಯಿಸೋಕೆ ಆಗಲ್ಲ ತಾನೇ?

ಆಮೇಲೆ 2022ರ ಒಂದು ಅಧ್ಯಯನ ಸಿಕ್ತು, ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ಪತ್ರಿಕೆಯಲ್ಲಿ ಬಂದದ್ದು. 29 ಪ್ರಯೋಗಗಳು, ಖಿನ್ನತೆ ಇದ್ದ 6,830 ಜನ. ಅವರಲ್ಲಿ ನೂರಕ್ಕೆ 62 ಜನ ಬಾಲ್ಯದಲ್ಲಿ ಆಘಾತ ಕಂಡವರು. ಈ 62 ಜನಕ್ಕೆ ಚಿಕಿತ್ಸೆ ಶುರುವಾದಾಗಲೇ ಕಾಯಿಲೆ ಜಾಸ್ತಿ ತೀವ್ರವಾಗಿತ್ತು. ಆದ್ರೆ ಮಾತ್ರೆ ಆಗ್ಲಿ, ಮಾತಿನ ಚಿಕಿತ್ಸೆ ಆಗ್ಲಿ, ಅದರಿಂದ ಆದ ಸುಧಾರಣೆ ಉಳಿದವರಷ್ಟೇ ಇತ್ತು. ಕಮ್ಮಿ ಅಲ್ಲ. ಅಷ್ಟೇ.

ಕಾಮರ್ಸ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಓಪನಿಂಗ್ ಬ್ಯಾಲೆನ್ಸ್. ಇಬ್ಬರು ಅಂಗಡಿಯವರು ಈ ವರ್ಷ ತಲಾ 50,000 ಲಾಭ ಮಾಡಿದ್ರು. ಒಬ್ಬನ ಪುಸ್ತಕ ಸೊನ್ನೆಯಿಂದ ಶುರು. ಇನ್ನೊಬ್ಬನ ಪುಸ್ತಕಕ್ಕೆ ಹಿಂದಿನ ವರ್ಷದ 80,000 ನಷ್ಟ ಎಳಕೊಂಡು ಬಂದಿದೆ. ವರ್ಷದ ಕೊನೇಲಿ ಎರಡನೆಯವನು ಇನ್ನೂ 30,000 ಮೈನಸ್. ಅವನನ್ನ ನೋಡಿ "ನಿಂಗೆ ವ್ಯಾಪಾರ ಬರಲ್ಲ, ಬಾಗಿಲು ಹಾಕು" ಅಂದ್ರೆ ಅದು ಲೆಕ್ಕ ಗೊತ್ತಿಲ್ಲದವರ ಮಾತು. ಅವನೂ 50,000 ದುಡಿದಿದ್ದಾನೆ. ಅವನಿಗೆ ಬೇಕಿರೋದು ಇನ್ನೊಂದು ವರ್ಷ. ಜೊತೆಗೆ ಆ ಹಳೇ ನಷ್ಟ ಪುಸ್ತಕದಲ್ಲಿ ಕಾಣಬೇಕು, ಬಚ್ಚಿಟ್ಟರೆ ಯಾವ ಆಡಿಟರ್‌ಗೂ ಲೆಕ್ಕ ತಾಳೆ ಆಗಲ್ಲ.

ನಾವು ಮೊದಲ ಎರಡು ಸಲ ಮಾಡಿದ್ದು ಅದೇ ತಪ್ಪು. ಮಾತ್ರೆ ಕೆಲಸ ಮಾಡ್ತಿತ್ತು. ನಿದ್ದೆ ಬಂದಿತ್ತು, ಊಟ ಸೇರಿತ್ತು. ಅಪ್ಪ ಇನ್ನೂ ಮೈನಸ್‌ನಲ್ಲೇ ಇದ್ದದ್ದಕ್ಕೆ "ಇದು ಉಪಯೋಗ ಇಲ್ಲ" ಅಂದ್ಕೊಂಡ್ವಿ. ಓಪನಿಂಗ್ ಬ್ಯಾಲೆನ್ಸ್ ನೋಡಿರಲಿಲ್ಲ. ಡಾಕ್ಟರ್‌ಗೂ ತೋರಿಸಿರಲಿಲ್ಲ.

ಪೋಸ್ಟ್ 7/8
(ಫೋಟೊ: ತಿ. ನರಸೀಪುರ ಸಂಗಮ, ದೂರದಲ್ಲಿ ಅಪ್ಪ, ಬೆನ್ನು ಮಾತ್ರ)

ಈಗ ಹೇಗಿದ್ದಾರೆ ಅಂತ ಕೇಳ್ತೀರ. ಮೂರನೇ ಚಿಕಿತ್ಸೆ ಶುರುವಾಗಿ ಒಂದು ವರ್ಷ ಆಗ್ತಾ ಬಂತು. ಮಾತ್ರೆ ನಡೀತಿದೆ. ಮೊದಲು ವಾರಕ್ಕೊಂದು, ಈಗ ತಿಂಗಳಿಗೊಂದು ಸಲ ಮೇಡಂ ಹತ್ರ ಹೋಗ್ತಾರೆ. ಡಾಕ್ಟರ್ ಮುಂದೆ ಕೂರ್ತಾರೆ. ಮೊನ್ನೆ "ಈ ಮಾತ್ರೆಗೆ ಬಾಯಿ ಒಣಗುತ್ತೆ ಸಾರ್" ಅಂತ ದೂರು ಹೇಳಿದ್ರಂತೆ. ಅಮ್ಮ ಅದನ್ನ ಫೋನಲ್ಲಿ ನಂಗೆ ಹೇಳುವಾಗ ಅಳ್ತಿದ್ರು. ನಮ್ಮಪ್ಪ ಒಬ್ಬ ಡಾಕ್ಟರ್‌ಗೆ "ಪರ್ವಾಗಿಲ್ಲ" ಬಿಟ್ಟು ಬೇರೆ ಮಾತು ಹೇಳಿದ್ದು ಅದೇ ಮೊದಲು.

ಸಿನಿಮಾದಲ್ಲಿ ತೋರಿಸೋ ಹಾಗೆ ಎಲ್ಲಾ ಸರಿಹೋಯ್ತು ಅಂತಲ್ಲ. ಹೋದ ತಿಂಗಳು ನಾಲ್ಕು ದಿನ ಮತ್ತೆ ಗೋಡೆ ಕಡೆ ತಿರುಗಿ ಮಲಗಿದ್ರು. ಆದ್ರೆ ಐದನೇ ದಿನ ಎದ್ರು. ಮೊದಲೆಲ್ಲ ಅದು ಐದು ವಾರ. ಲೋಟ ಈಗಲೂ ತೊಳೆದೇ ಇಡ್ತಾರೆ. ಮೇಡಂ ಹೇಳಿದ್ರಂತೆ, "ಅದನ್ನ ಬಿಡಬೇಕು ಅಂತೇನಿಲ್ಲ. ಈಗ ಹೊಡೆಯೋರು ಯಾರೂ ಇಲ್ಲ ಅನ್ನೋದು ಕೈಗೆ ಗೊತ್ತಾದ್ರೆ ಸಾಕು."

ನಾನು ಹೇಳಿದ ಮಾತಿಗೆ ಕ್ಷಮೆ ಕೇಳಿದೆ. ನರಸೀಪುರಕ್ಕೆ ಹೋಗಿದ್ವಿ, ಅಪ್ಪನೇ ಕರ್ಕೊಂಡು ಹೋಗಿದ್ದು. ಕಾವೇರಿ, ಕಪಿಲೆ ಸೇರೋ ಕಡೆ ನಿಂತು "ನಮ್ಮವ್ವನ ಬೂದಿ ಇಲ್ಲೇ ಬಿಟ್ಟಿದ್ದು" ಅಂದ್ರು. ಅಲ್ಲೇ ನಾನು ಹೇಳಿದೆ, "ಅಪ್ಪ, ಅವತ್ತು ನಾಟಕ ಅಂದೆನಲ್ಲ..." ಮುಗಿಸೋಕೆ ಬಿಡಲಿಲ್ಲ. "ನಂಗೂ ಹಂಗೇ ಅನ್ಸಿತ್ತು ಕಣ್ಲಾ. ನಾನೇ ನಾಟಕ ಆಡ್ತಿದೀನೇನೋ ಅಂತ" ಅಂದ್ರು.

ಒಂದು ವಿಷಯ ಯೋಚನೆ ಮಾಡಿ. ಅಷ್ಟು ಏಟು ತಿಂದ ನಮ್ಮಪ್ಪ ನಂಗೆ ಒಂದು ಏಟು ಹೊಡೆದಿಲ್ಲ. ನನ್ನ ಸ್ಕೂಲ್ ಫೀಸ್ ಒಂದು ತಿಂಗಳೂ ತಡ ಆಗಿಲ್ಲ. ಬಾಲ್ಯ ಕೆಟ್ಟಿದ್ರೆ ಬದುಕೇ ಕೆಡುತ್ತೆ ಅನ್ನೋರಿಗೆ ಇದು ಉತ್ತರ. ಬಾಲ್ಯದಲ್ಲಿ ನೋವು ತಿಂದ ಎಲ್ಲರಿಗೂ ಖಿನ್ನತೆ ಬರಲ್ಲ. ಖಿನ್ನತೆ ಇರೋ ಎಲ್ಲರ ಹಿಂದೆಯೂ ಇಂಥ ಬಾಲ್ಯ ಇರಲ್ಲ. ಆದ್ರೆ ಇದ್ದಾಗ, ಡಾಕ್ಟರ್‌ಗೆ ಅದು ಗೊತ್ತಿರಬೇಕು.

ಪೋಸ್ಟ್ 8/8
(ಫೋಟೊ: ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ: 14416)

ಕೊನೇ ಪೋಸ್ಟ್. ಸೇವ್ ಮಾಡಿಟ್ಕೊಳ್ಳಿ.

• ಮಾತ್ರೆ ಕೆಲಸ ಶುರು ಮಾಡೋಕೇ ಎರಡರಿಂದ ನಾಲ್ಕು ವಾರ ಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ತಗೋಬೇಕು. ತಾವಾಗೇ ನಿಲ್ಲಿಸಬಾರದು. ತೊಂದರೆ ಆದ್ರೆ ಡಾಕ್ಟರ್‌ಗೆ ಹೇಳಿ ಬದಲಾಯಿಸಿಕೊಳ್ಳಿ.

• ಅರ್ಧ ಗುಣ ಆಯ್ತು ಅಂದ್ರೆ ಚಿಕಿತ್ಸೆ ಸೋತಿದೆ ಅಂತಲ್ಲ. ಮಾತಿನ ಚಿಕಿತ್ಸೆ ಜೊತೆಗೆ ಸಿಗುತ್ತಾ ಅಂತ ಕೇಳಿ.

• ಮನೆಯವರ ಬಾಲ್ಯನ ನೀವು ಕೆದಕಬೇಡಿ. "ಹೇಳು, ಏನಾಯ್ತು ಹೇಳು" ಅಂತ ಒತ್ತಾಯ ಮಾಡಿದ್ರೆ ಗಾಯ ಮತ್ತೆ ಹಸಿಯಾಗುತ್ತೆ. ಅದನ್ನ ಕೇಳೋ ವಿಧಾನ ಗೊತ್ತಿದ್ದವರ ಹತ್ರ ಕರ್ಕೊಂಡು ಹೋಗೋದು ನಮ್ಮ ಕೆಲಸ. ಬಸ್‌ನಲ್ಲಿ ಪಕ್ಕ ಕೂರೋದು, ಆಚೆ ಕಾಯೋದು ನಮ್ಮ ಕೆಲಸ.

• ರೋಗಿ ನೀವೇ ಆಗಿದ್ರೆ: ಡಾಕ್ಟರ್ ಕೇಳದೇ ಇದ್ರೂ ಒಂದು ಸಾಲು ಹೇಳಿ. "ಚಿಕ್ಕವಯಸ್ಸಲ್ಲಿ ನಂಗೆ ಕೆಲವು ಕೆಟ್ಟ ಅನುಭವ ಆಗಿದೆ, ಈಗ್ಲೇ ವಿವರ ಹೇಳೋಕೆ ಆಗಲ್ಲ." ಅಷ್ಟು ಸಾಕು. ಬಾಯಲ್ಲಿ ಹೇಳೋಕೆ ಆಗದಿದ್ರೆ ಚೀಟೀಲಿ ಬರೆದುಕೊಡಿ.

• ಟೆಲಿ ಮನಸ್, 14416. 2022ರ ಅಕ್ಟೋಬರ್ 10ಕ್ಕೆ ಶುರುವಾಯ್ತು. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಸಾಯೋ ಯೋಚನೆ ಬರ್ತಿದ್ರೆ ಈಗಲೇ ಮಾಡಿ, ನಾಳೆ ಅಲ್ಲ.

• ನಮ್ಮ ರಾಜ್ಯದ ಮನೋಚೈತನ್ಯ ಯೋಜನೇಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನ ಆಸ್ಪತ್ರೇಲಿ ವಿಚಾರಿಸಿ ಹೋಗಿ.

• ಈಗ, ಇವತ್ತು, ಎಲ್ಲಾದ್ರೂ ಒಂದು ಮಗು ಹೊಡೆತ ತಿಂತಿರೋದು, ಲೋಟ ತೊಳೀತಿರೋದು ಕಂಡ್ರೆ: 1098. ಮಕ್ಕಳ ಸಹಾಯವಾಣಿ. ಇದನ್ನ ಕೊನೇಲಿ ಹಾಕಿದ್ದೀನಿ ಅಂತ ಚಿಕ್ಕದು ಅಂದ್ಕೋಬೇಡಿ. 1987ರಲ್ಲಿ ಆ ಹೋಟೆಲಲ್ಲಿ ದಿನಾ ನೂರಾರು ಜನ ಕಾಫಿ ಕುಡಿದು ಹೋಗಿರ್ತಾರೆ. ಲೋಟ ತೊಳೀತಿದ್ದ ಹುಡುಗನ ಕೈ ಯಾರಾದ್ರೂ ನೋಡಿದ್ರೆ ಸಾಕಿತ್ತು.

ಕಾಮೆಂಟ್‌ನಲ್ಲಿ ನಮ್ಮಪ್ಪನ ಹೆಸರು, ಫ್ಯಾಕ್ಟರಿ ಹೆಸರು ಹಾಕಬೇಡಿ ಪ್ಲೀಸ್. ರಸ್ತೇಲಿ ಸಿಕ್ಕಿದ್ರೆ ಕನಿಕರ ತೋರಿಸಬೇಡಿ, "ಕಾಫಿ ಆಯ್ತಾ ಅಂಕಲ್" ಅಂತ ಕೇಳಿ, ಸಾಕು. ನಿಮ್ಮನೇಲೂ ಒಬ್ಬರು "ಒಸಿ ಸುಸ್ತು" ಅಂತ ಗೋಡೆ ಕಡೆ ತಿರುಗಿ ಮಲಗಿದ್ರೆ ನಂಗೆ ಮೆಸೇಜ್ ಮಾಡಿ. ನಂಗೆ ಔಷಧಿ ಗೊತ್ತಿಲ್ಲ. ಆದ್ರೆ ಬಸ್‌ನಲ್ಲಿ ಜೊತೆಗೆ ಬರ್ತೀನಿ.

#ನಂಜನಗೂಡು #ತಿನರಸೀಪುರ #ಖಿನ್ನತೆ #ಮಾತಾಡೋಣ #ಅಪ್ಪ